ಹಳೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್: ಹೊಂದಾಣಿಕೆಯ ಪರಿಶೀಲನೆ

ಗ್ರಾಫಿಕ್ಸ್ ಕಾರ್ಡಿನ ಹೊಂದಾಣಿಕೆ ಎಂದರೆ ಒಂದು ಕಾರ್ಡು ತಾನು ಸೇರಬೇಕಾದ ಕಂಪ್ಯೂಟರಿನ ಮದರ್‌ಬೋರ್ಡ್, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ಕ್ಯಾಬಿನೆಟ್, ಬಯಾಸ್, ಆಪರೇಟಿಂಗ್ ಸಿಸ್ಟಂ ಮತ್ತು ಮಾನಿಟರ್ ಇಷ್ಟರ ಜೊತೆಗೂ ಸರಿಹೋಗುವುದು. ಇವುಗಳಲ್ಲಿ ಒಂದು ತಪ್ಪಿದರೂ ಯಂತ್ರ ಚಾಲೂ ಆಗದಿರಬಹುದು. ಚಾಲೂ ಆದರೂ ಪರದೆ ಕಪ್ಪಾಗಿಯೇ ಉಳಿಯಬಹುದು. ಎಲ್ಲ ಸರಿಯಿದ್ದಂತೆ ಕಂಡರೂ ಕೊಟ್ಟ ದುಡ್ಡಿಗೆ ತಕ್ಕ ವೇಗ ಸಿಗದಿರಬಹುದು. ಕೊಳ್ಳುವವರು ಮೊದಲು ಕೇಳುವುದು ಕಾರ್ಡು ಸ್ಲಾಟಿನಲ್ಲಿ ಕೂರುತ್ತದೆಯೇ ಎಂದು. 2004ರ ಈಚಿನ ಯಂತ್ರಗಳ ಮಟ್ಟಿಗೆ ಅದು ಎಲ್ಲಕ್ಕಿಂತ ಸುಲಭದ ಪ್ರಶ್ನೆ. ಸ್ಲಾಟಿನ ಆಕಾರ ಅಂದಿನಿಂದ ಬದಲಾಗಿಲ್ಲ. ತೊಡಕು ಹುಟ್ಟುವುದು ಬಹುಪಾಲು ಸ್ಲಾಟಿನ ಸುತ್ತಮುತ್ತ.

ಪರಿಶೀಲನೆಗೆ ಮೊದಲು ಇರುವ ಯಂತ್ರದ ವಿವರ ಬೇಕು. ವಿಂಡೋಸ್‌ನಲ್ಲಿ ಡಿಎಕ್ಸ್‌ಡಯಾಗ್ ಅಥವಾ ಸಿಪಿಯು-ಜಡ್ ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ ಮತ್ತು ಸದ್ಯದ ಗ್ರಾಫಿಕ್ಸ್ ಚಿಪ್ಪಿನ ವಿವರಗಳನ್ನು ತಿಳಿಸುತ್ತವೆ; ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆ ಗ್ರಾಫಿಕ್ಸ್ ಚಿಪ್ಪಿನ ಹೆಸರು ಹೇಳುತ್ತದೆ. ಬ್ರಾಂಡೆಡ್ ಯಂತ್ರವಾದರೆ ಹೊರಮೈಯ ಮಾದರಿ ಸಂಖ್ಯೆಯಿಂದ ತಯಾರಕರ ಕೈಪಿಡಿ ಹುಡುಕಬಹುದು. ಎಸ್‌ಎಂಪಿಎಸ್‌ನ ಸಾಮರ್ಥ್ಯವನ್ನು ಮಾತ್ರ ಈ ಯಾವ ತಂತ್ರಾಂಶವೂ ಹೇಳಲಾರದು. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ ಲೇಬಲ್ ಓದಲೇಬೇಕು. ಬಿಚ್ಚಿದ ಮೇಲೆ ಸ್ಲಾಟಿನ ಮುಂದಿರುವ ಜಾಗವನ್ನೂ ಅಳೆದುಕೊಳ್ಳುವುದು ಲೇಸು.

ಸ್ಲಾಟ್

1990ರ ದಶಕದ ಮೊದಲಲ್ಲಿ ಗ್ರಾಫಿಕ್ಸ್ ಕಾರ್ಡುಗಳು ಐಎಸ್‌ಎ ಮತ್ತು ಪಿಸಿಐ ಸ್ಲಾಟುಗಳಲ್ಲಿ ಕೂರುತ್ತಿದ್ದವು. ಗ್ರಾಫಿಕ್ಸ್‌ಗೆಂದೇ ಇಂಟೆಲ್ ರೂಪಿಸಿದ ಎಜಿಪಿ ಸ್ಲಾಟ್ 1997ರಲ್ಲಿ ಮದರ್‌ಬೋರ್ಡುಗಳಿಗೆ ಬಂತು. ಅದರ ಮೊದಲ ರೂಪದ ವೇಗ ಸೆಕೆಂಡಿಗೆ ಸುಮಾರು 266 ಮೆಗಾಬೈಟ್. ಕೊನೆಯ ರೂಪವಾದ 8ಎಕ್ಸ್‌ನ ವೇಗ ಅದರ ಎಂಟು ಪಟ್ಟು. ಹೊಂದಾಣಿಕೆಯ ಮಟ್ಟಿಗೆ ಎಜಿಪಿ ಕಾಲವೇ ಅತ್ಯಂತ ಅಪಾಯದ್ದು. ಮೊದಲ ಕಾರ್ಡುಗಳು 3.3 ವೋಲ್ಟಿನ ಸಂಕೇತ ಬಳಸುತ್ತಿದ್ದವು, ಆಮೇಲಿನವು 1.5 ವೋಲ್ಟಿನದು, 8ಎಕ್ಸ್ 0.8 ವೋಲ್ಟಿನದು. ತಪ್ಪು ಜೋಡಣೆ ಆಗದಿರಲೆಂದು ಕಾರ್ಡಿನ ಅಂಚಿನಲ್ಲಿ ಕಚ್ಚು, ಸ್ಲಾಟಿನಲ್ಲಿ ಅಡ್ಡಪಟ್ಟಿ ಇಟ್ಟಿದ್ದರು. ಆದರೆ 3.3 ವೋಲ್ಟಿನ ಕೆಲವು ಕಾರ್ಡುಗಳು ಎರಡೂ ಕಚ್ಚುಗಳೊಂದಿಗೆ ಮಾರುಕಟ್ಟೆಗೆ ಬಂದವು. ಅವು ಇಂಟೆಲ್ 845ರಂಥ 1.5 ವೋಲ್ಟಿನ ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಸಲೀಸಾಗಿ ಕೂತು, ಬೋರ್ಡನ್ನೇ ಸುಡುತ್ತಿದ್ದವು. ಹಳೆಯ ಆಟಗಳಿಗಾಗಿ ಆ ಕಾಲದ ಯಂತ್ರಗಳನ್ನು ರಿಪೇರಿ ಮಾಡಿಟ್ಟುಕೊಳ್ಳುವವರಿಗೆ ಈ ಎಚ್ಚರ ಇಂದಿಗೂ ಬೇಕು. ಎಜಿಪಿ ಕಾರ್ಡು ಅದರ ನಂತರ ಬಂದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗಾಗಲಿ, ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ಎಜಿಪಿ ಸ್ಲಾಟಿಗಾಗಲಿ ಹೊಂದುವುದಿಲ್ಲ.

2004ರಲ್ಲಿ ಇಂಟೆಲ್‌ನ 915 ಮತ್ತು 925 ಚಿಪ್‌ಸೆಟ್ಟುಗಳೊಂದಿಗೆ ಪಿಸಿಐ ಎಕ್ಸ್‌ಪ್ರೆಸ್ ಮನೆಯ ಕಂಪ್ಯೂಟರಿಗೆ ಬಂತು. ಇದರಲ್ಲಿ ಮಾಹಿತಿ ಹರಿಯುವುದು ಲೇನುಗಳಲ್ಲಿ; ಗ್ರಾಫಿಕ್ಸ್ ಸ್ಲಾಟಿಗೆ 16 ಲೇನುಗಳು. ಮೊದಲ ಆವೃತ್ತಿಯಲ್ಲಿ ಲೇನಿಗೆ ಸೆಕೆಂಡಿಗೆ 250 ಮೆಗಾಬೈಟ್ ಇತ್ತು. 2007ರ 2.0 ಆವೃತ್ತಿ ಅದನ್ನು 500ಕ್ಕೆ, 2010ರ 3.0 ಸುಮಾರು 985ಕ್ಕೆ ಏರಿಸಿತು. 2017ರ 4.0 ಮತ್ತು 2019ರ 5.0 ಆವೃತ್ತಿಗಳಲ್ಲಿ ವೇಗ ಮತ್ತೆ ಒಂದೊಂದು ಸಲ ಇಮ್ಮಡಿಯಾಯಿತು. ಹೊಸ ಕಾರ್ಡು ಹಳೆಯ ಸ್ಲಾಟಿನಲ್ಲೂ, ಹಳೆಯ ಕಾರ್ಡು ಹೊಸ ಸ್ಲಾಟಿನಲ್ಲೂ ನಡೆಯುವಂತೆ ಈ ಮಾನಕವನ್ನು ರೂಪಿಸಲಾಗಿದೆ. ಎರಡರಲ್ಲಿ ನಿಧಾನವಾದದ್ದರ ವೇಗಕ್ಕೆ ಎರಡೂ ಒಪ್ಪಿಕೊಳ್ಳುತ್ತವೆ. 16 ಲೇನಿನ ಕಾರ್ಡು 3.0ರ ಬದಲು 2.0 ಸ್ಲಾಟಿನಲ್ಲಿದ್ದರೆ ಸಾಧಾರಣ ದರ್ಜೆಯ ಕಾರ್ಡುಗಳಲ್ಲಿ ನಷ್ಟ ಅಲ್ಪ.

ನಷ್ಟ ದೊಡ್ಡದಾಗುವುದು ಲೇನುಗಳೇ ಕಡಿಮೆಯಿರುವ ಕಾರ್ಡುಗಳಲ್ಲಿ. ಕಡಿಮೆ ಬೆಲೆಯ ಹೊಸ ಕಾರ್ಡುಗಳು ನೋಡಲು ಪೂರ್ಣ ಉದ್ದದ ಅಂಚು ಹೊಂದಿದ್ದರೂ ಒಳಗೆ 8 ಅಥವಾ 4 ಲೇನುಗಳನ್ನಷ್ಟೇ ಬಳಸುತ್ತವೆ. ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿರುವುದು 4 ಲೇನು, ಸಾಮಾನ್ಯ ಮಾದರಿಯಲ್ಲಿ 4 ಗಿಗಾಬೈಟ್ ಮೆಮೊರಿ. 4.0 ಸ್ಲಾಟಿನಲ್ಲಿ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಸಾಗಿಸುವ ಈ ಕಾರ್ಡು 3.0ರಲ್ಲಿ 4ಕ್ಕೆ, 2.0ರಲ್ಲಿ 2ಕ್ಕೆ ಇಳಿಯುತ್ತದೆ. ಆಟ ಕೇಳುವ ಮೆಮೊರಿ 4 ಗಿಗಾಬೈಟ್ ಮೀರಿದೊಡನೆ ಉಳಿದ ದತ್ತಾಂಶ ಮುಖ್ಯ ಮೆಮೊರಿಯಿಂದ ಈ ಇಕ್ಕಟ್ಟಿನ ಹಾದಿಯಲ್ಲೇ ಬರಬೇಕು; ಆಗ ಚಿತ್ರ ತಡವರಿಸುತ್ತದೆ. ಹಳೆಯ ಯಂತ್ರದವರಿಗೇ ಹೇಳಿ ಮಾಡಿಸಿದಂತೆ ಕಾಣುವ ಅಗ್ಗದ ಕಾರ್ಡು ಹಳೆಯ ಯಂತ್ರದಲ್ಲೇ ಹೆಚ್ಚು ಸೊರಗುತ್ತದೆ.

ಬೋರ್ಡಿನ ಕಡೆಯಿಂದಲೂ ಇಂಥ ಮಿತಿಗಳಿವೆ. ಭಾರತದಲ್ಲಿ ಬಹಳ ಮಾರಾಟವಾದ ಎಚ್81 ಚಿಪ್‌ಸೆಟ್ಟಿನ ಬೋರ್ಡುಗಳು, ಅವುಗಳಲ್ಲಿ ಕೂರುವ ಪ್ರೊಸೆಸರಿಗೆ 3.0 ಸಾಧ್ಯವಿದ್ದರೂ ಸ್ಲಾಟಿಗೆ 2.0 ಮಾತ್ರ ಕೊಡುತ್ತವೆ. ಎಎಂಡಿಯ ರೈಜೆನ್ 5 3400ಜಿ ಮತ್ತು ಅದಕ್ಕೂ ಹಿಂದಿನ 2200ಜಿ ಪ್ರೊಸೆಸರುಗಳು ಗ್ರಾಫಿಕ್ಸ್ ಸ್ಲಾಟಿಗೆ 8 ಲೇನುಗಳನ್ನಷ್ಟೇ ಬಿಡುತ್ತವೆ. ಎರಡು ಉದ್ದನೆಯ ಸ್ಲಾಟುಗಳಿರುವ ಬೋರ್ಡಿನಲ್ಲಿ ಕೆಳಗಿನದಕ್ಕೆ ಹೆಚ್ಚಾಗಿ 4 ಲೇನಿನ ತಂತಿಯಷ್ಟೇ ಇರುತ್ತದೆ. ಕಾರ್ಡು ಯಾವಾಗಲೂ ಪ್ರೊಸೆಸರಿಗೆ ಹತ್ತಿರದ ಸ್ಲಾಟಿನಲ್ಲಿರಬೇಕು.

ವಿದ್ಯುತ್

ಹಳೆಯ ಯಂತ್ರಗಳ ಮೇಲ್ದರ್ಜೆ ಯತ್ನ ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಕಾರ್ಡಿಗೆ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದರಲ್ಲಿ 66 ವ್ಯಾಟ್ 12 ವೋಲ್ಟಿನ ದಾರಿಯಿಂದ, ಉಳಿದದ್ದು 3.3 ವೋಲ್ಟಿನಿಂದ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡು ಎಸ್‌ಎಂಪಿಎಸ್‌ನಿಂದ ನೇರ ಕೇಬಲ್ ಬಯಸುತ್ತದೆ. 6 ಪಿನ್ನಿನ ಕನೆಕ್ಟರು 75 ವ್ಯಾಟಿಗೆ, 8 ಪಿನ್ನಿನದು 150 ವ್ಯಾಟಿಗೆ. 2022ರಿಂದ ದುಬಾರಿ ಕಾರ್ಡುಗಳಲ್ಲಿ ಕಾಣಿಸಿಕೊಂಡ 16 ಪಿನ್ನಿನ ಕನೆಕ್ಟರಿನ ಮಿತಿ 600 ವ್ಯಾಟ್, ಆದರೆ ಹಳೆಯ ಯಂತ್ರಕ್ಕೆ ಆ ದರ್ಜೆಯ ಕಾರ್ಡು ಹಾಕುವ ಸಂದರ್ಭ ವಿರಳ. ಸ್ಲಾಟಿನ ಮಿತಿ ಕಾಗದದ ಮೇಲಿನ ಮಾತಲ್ಲ. 2016ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 480 ಸ್ಲಾಟಿನಿಂದ ಮಿತಿ ಮೀರಿ ವಿದ್ಯುತ್ ಎಳೆಯುವುದು ಪರೀಕ್ಷೆಗಳಲ್ಲಿ ಬಯಲಾದಾಗ, ಅಗ್ಗದ ಬೋರ್ಡುಗಳಿಗೆ ಹಾನಿಯಾದೀತೆಂಬ ಆತಂಕ ಎದ್ದಿತು. ಎಎಂಡಿ ಕೆಲವೇ ದಿನಗಳಲ್ಲಿ ಡ್ರೈವರ್ ಬದಲಿಸಿ ಆ ಹೊರೆಯನ್ನು ಇಳಿಸಿತು.

ಎಸ್‌ಎಂಪಿಎಸ್‌ನ ಲೇಬಲ್ಲಿನಲ್ಲಿ ದೊಡ್ಡಕ್ಷರದ ಒಟ್ಟು ವ್ಯಾಟ್ ಅಷ್ಟೇನೂ ಉಪಯೋಗದ್ದಲ್ಲ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ನಡೆಯುವುದು 12 ವೋಲ್ಟಿನ ಮೇಲೆ. ಆದ್ದರಿಂದ ಆ ಸಾಲಿನ ಆಂಪಿಯರ್ ನೋಡಬೇಕು. ಹೆಸರಿಗೆ 450 ವ್ಯಾಟಿನದೆಂದು ಮಾರುವ ಅಗ್ಗದ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟಿಗೆ 16 ಆಂಪಿಯರ್ ಮಾತ್ರ ಬರೆದಿದ್ದರೆ ನಿಜವಾಗಿ ಸಿಗುವುದು 192 ವ್ಯಾಟ್. ಹತ್ತು ವರ್ಷ ದುಡಿದ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರುಗಳು ಸವೆದು ಸಾಮರ್ಥ್ಯ ಇನ್ನೂ ಕುಗ್ಗಿರುತ್ತದೆ. ಕಾರ್ಡಿಗೆ ಬೇಕಾದ ಕೇಬಲ್ ಇಲ್ಲದಿದ್ದಾಗ ಅಂಗಡಿಗಳಲ್ಲಿ ಪರಿವರ್ತಕ ಕೇಬಲ್ ಕೊಡುವುದುಂಟು. ಹಳೆಯ 4 ಪಿನ್ನಿನ ಮೋಲೆಕ್ಸ್ ಎರಡನ್ನು ಸೇರಿಸಿ 6 ಪಿನ್ ಮಾಡುವುದು ಅನಿವಾರ್ಯವಾದರೆ ಸಹಿಸಬಹುದಾದ ದಾರಿ. ಸಾಟಾ ಕನೆಕ್ಟರಿನಿಂದ ಎಳೆಯುವುದು ಸಲ್ಲ. ಹಾರ್ಡ್ ಡಿಸ್ಕಿಗಾಗಿ ಮಾಡಿದ ಆ ಕನೆಕ್ಟರಿನಲ್ಲಿ 12 ವೋಲ್ಟಿನ ಪಿನ್ನುಗಳು ಮೂರು, ಒಂದೊಂದರ ಮಿತಿ 1.5 ಆಂಪಿಯರ್, ಒಟ್ಟು 54 ವ್ಯಾಟ್. 75 ವ್ಯಾಟ್ ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ.

ಸಂಸ್ಥೆಗಳು ಬಳಸಿ ಬಿಟ್ಟ ಕಚೇರಿ ಕಂಪ್ಯೂಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರೂ ಪ್ಲೇಸ್‌ನಂಥ ಮಾರುಕಟ್ಟೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕಾರ್ಡು ಸೇರಿಸಿ ಆಟದ ಯಂತ್ರ ಮಾಡಿಕೊಳ್ಳಲು ಹಲವರು ಆರಿಸುವುದು ಇಂಥವನ್ನೇ. 2012ರ ಡೆಲ್ ಆಪ್ಟಿಪ್ಲೆಕ್ಸ್ 7010ರ ಸಣ್ಣ ಮಾದರಿಯನ್ನು ತೆಗೆದುಕೊಂಡರೆ, ಅದರ ಎಸ್‌ಎಂಪಿಎಸ್ 240 ವ್ಯಾಟಿನದು. ಗ್ರಾಫಿಕ್ಸ್‌ಗೆಂದು ಕೇಬಲ್ ಇಲ್ಲ. 77 ವ್ಯಾಟಿನ ಕೋರ್ ಐ5 3470 ಪ್ರೊಸೆಸರು, ಬೋರ್ಡು ಮತ್ತು ಡಿಸ್ಕುಗಳಿಗೆ ಸುಮಾರು 50, ಮೇಲೆ 75 ವ್ಯಾಟಿನ ಕಾರ್ಡು ಎಂದರೆ ಲೆಕ್ಕ 200ಕ್ಕೆ ಬಂದು ನಿಲ್ಲುತ್ತದೆ. ಇಂಥ ಯಂತ್ರಕ್ಕೆ ಹೊಂದುವುದು ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುವ ಕಾರ್ಡುಗಳು ಮಾತ್ರ: 30 ವ್ಯಾಟಿನ ಜಿಟಿ 1030, 53 ವ್ಯಾಟಿನ ಆರ್‌ಎಕ್ಸ್ 6400, 75 ವ್ಯಾಟಿನ ಜಿಟಿಎಕ್ಸ್ 1050 ಟಿಐ ಅಥವಾ ಜಿಟಿಎಕ್ಸ್ 1650, 2024ರಲ್ಲಿ ಬಂದ 70 ವ್ಯಾಟಿನ ಆರ್‌ಟಿಎಕ್ಸ್ 3050ರ 6 ಗಿಗಾಬೈಟ್ ಮಾದರಿ. ಇವುಗಳಲ್ಲೂ ಕೆಲವನ್ನು ತಯಾರಕರು ವೇಗ ಏರಿಸಿ 6 ಪಿನ್ ಜೋಡಿಸಿ ಮಾರುವುದರಿಂದ ಚಿಪ್ಪಿನ ಹೆಸರಷ್ಟೇ ಸಾಲದು, ಕಾರ್ಡಿನ ನಿರ್ದಿಷ್ಟ ಮಾದರಿ ನೋಡಬೇಕು. ಎಸ್‌ಎಂಪಿಎಸ್ಸನ್ನೇ ಬದಲಿಸೋಣವೆಂದರೆ ಅದೂ ಎಲ್ಲೆಡೆ ಸಾಧ್ಯವಿಲ್ಲ. ಮರುವರ್ಷದ ಆಪ್ಟಿಪ್ಲೆಕ್ಸ್ 9020ರಿಂದ ಡೆಲ್ ಸಾಮಾನ್ಯ 24 ಪಿನ್ನಿನ ಬದಲು ತನ್ನದೇ 8 ಪಿನ್ನಿನ ಜೋಡಣೆ ಬಳಸಿತು; ಅಂಗಡಿಯ ಎಸ್‌ಎಂಪಿಎಸ್ ಅದಕ್ಕೆ ಸೇರಬೇಕಾದರೆ ನಡುವೆ ಪರಿವರ್ತಕ ಬೇಕು, ಸಣ್ಣ ಕ್ಯಾಬಿನೆಟ್ಟಿನಲ್ಲಿ ಅಂಥ ಎಸ್‌ಎಂಪಿಎಸ್ ಹಿಡಿಸುವುದೇ ಇಲ್ಲ.

ಕರೆಂಟು ಹೋಗಿ ಬರುವ ಊರುಗಳಲ್ಲಿ ಯುಪಿಎಸ್‌ನ ಲೆಕ್ಕವೂ ಸೇರುತ್ತದೆ. ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. 170 ವ್ಯಾಟಿನ ಆರ್‌ಟಿಎಕ್ಸ್ 3060 ಸೇರಿದ ಯಂತ್ರ, ಮಾನಿಟರನ್ನೂ ಕೂಡಿಸಿಕೊಂಡು, ಆಟದ ನಡುವೆ ಈ ಗೆರೆ ಮುಟ್ಟಬಹುದು. ಕರೆಂಟು ಹೋದ ಕ್ಷಣದಲ್ಲೇ ಯಂತ್ರವೂ ಆರುತ್ತದೆ, ಯುಪಿಎಸ್ ಇದ್ದೂ ಇಲ್ಲದಂತೆ. ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ತಿದ್ದುವ ಸೌಲಭ್ಯ) ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್‌ಗಳ ಚೌಕಾಕಾರದ ಅಲೆಯನ್ನು ಒಪ್ಪದೆ ಆರಿಹೋಗುವುದೂ ಇದೆ.

ಜಾಗ ಮತ್ತು ಗಾಳಿ

ಕಾರ್ಡಿನ ಉದ್ದ, ಎತ್ತರ, ದಪ್ಪ ಮೂರನ್ನೂ ಅಳೆಯಬೇಕು. ಉದ್ದಕ್ಕೆ ಅಡ್ಡಬರುವುದು ಹಳೆಯ ಕ್ಯಾಬಿನೆಟ್ಟಿನ ಮುಂಭಾಗದ ಹಾರ್ಡ್ ಡಿಸ್ಕ್ ಗೂಡು. ಎತ್ತರದಲ್ಲಿ ಎರಡು ಬಗೆ: ಸಾಮಾನ್ಯ ಕಾರ್ಡಿನ ಹಿಂಬದಿಯ ಲೋಹದ ಪಟ್ಟಿ 120 ಮಿ.ಮೀ., ಲೋ ಪ್ರೊಫೈಲ್ ಕಾರ್ಡಿನದು ಸುಮಾರು 79 ಮಿ.ಮೀ. ತೆಳು ಕ್ಯಾಬಿನೆಟ್ಟಿನ ಯಂತ್ರಗಳಿಗೆ ಎರಡನೆಯದೇ ಆಗಬೇಕು. ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವಾಗ ಆ ಗಿಡ್ಡ ಪಟ್ಟಿ ಜೊತೆಗಿದೆಯೇ ಎಂದು ಕೇಳಿಕೊಳ್ಳಬೇಕು, ಏಕೆಂದರೆ ಕಳೆದುಹೋಗುವುದು ಅದೇ. ಎರಡು ಸ್ಲಾಟು ದಪ್ಪದ ಕಾರ್ಡು ಪಕ್ಕದ ಸ್ಲಾಟನ್ನು ಮುಚ್ಚುತ್ತದೆ. ಕೆಲವು ಬೋರ್ಡುಗಳಲ್ಲಿ ಅದರ ಕೆಳಗೆ ಸಾಟಾ ಪೋರ್ಟುಗಳು ಸಿಕ್ಕಿಕೊಂಡು ಕೇಬಲ್ ಹಾಕಲಾಗುವುದಿಲ್ಲ. ಒಂದೇ ಫ್ಯಾನಿನ ಹಳೆಯ ಕ್ಯಾಬಿನೆಟ್ಟಿನಲ್ಲಿ ಬಿಸಿಗಾಳಿ ಹೊರಹೋಗದೆ ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಧೂಳು ತೆಗೆದು ಇನ್ನೊಂದು ಫ್ಯಾನ್ ಕೂರಿಸುವುದು ಕಾರ್ಡಿನ ಬೆಲೆಗೆ ಹೋಲಿಸಿದರೆ ತೀರ ಸಣ್ಣ ಖರ್ಚು.

ಬಯಾಸ್ ಮತ್ತು ಯುಇಎಫ್‌ಐ

ಯಂತ್ರ ಚಾಲೂ ಆದೊಡನೆ, ಆಪರೇಟಿಂಗ್ ಸಿಸ್ಟಂ ಬರುವ ಮೊದಲೇ, ಪರದೆಯಲ್ಲಿ ಅಕ್ಷರ ಮೂಡಿಸುವುದು ಕಾರ್ಡಿನೊಳಗಿನ ಫರ್ಮ್‌ವೇರ್. ಹಳೆಯ ಬಯಾಸ್‌ಗೂ ಸುಮಾರು 2012ರಿಂದ ವ್ಯಾಪಕವಾದ ಯುಇಎಫ್‌ಐಗೂ ಬೇರೆ ಬೇರೆ ಫರ್ಮ್‌ವೇರ್ ಬೇಕು. ಯುಇಎಫ್‌ಐಗೆ ಬೇಕಾದ ಭಾಗವನ್ನು ಜಿಒಪಿ ಎನ್ನುತ್ತಾರೆ. ಅದಿಲ್ಲದ ಹಳೆಯ ಕಾರ್ಡು ಹೊಸ ಯಂತ್ರದಲ್ಲಿ ಸಿಎಸ್‌ಎಂ ಎಂಬ ಹೊಂದಾಣಿಕೆಯ ಸೌಲಭ್ಯ ಆನ್ ಇದ್ದರೆ ಮಾತ್ರ ಚಿತ್ರ ಕೊಡುತ್ತದೆ. ಸೆಕ್ಯೂರ್ ಬೂಟ್ ಇಟ್ಟುಕೊಂಡರೆ ಅದೂ ಇಲ್ಲ. ತಿರುಗುಮುರುಗಾಗಿ, 2010ರ ಹಿಂದಿನ ಬೋರ್ಡುಗಳು ಕೆಲವು ಹೊಸ ಕಾರ್ಡುಗಳನ್ನು ಗುರುತಿಸದೆ ಬೀಪ್ ಸದ್ದು ಮಾಡಿ ನಿಲ್ಲುತ್ತವೆ. ಕಾರ್ಡು ತರುವ ಮೊದಲೇ ಮದರ್‌ಬೋರ್ಡಿನ ಬಯಾಸನ್ನು ತಯಾರಕರ ಕೊನೆಯ ಆವೃತ್ತಿಗೆ ಏರಿಸುವುದು ಬ್ರಾಂಡೆಡ್ ಯಂತ್ರಗಳಲ್ಲಿ ವಿಶೇಷವಾಗಿ ಫಲಕಾರಿ. ಎನ್‌ವಿಡಿಯಾದ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಪೀಳಿಗೆಯ ಕೆಲವು ಕಾರ್ಡುಗಳು ಡಿಸ್‌ಪ್ಲೇಪೋರ್ಟ್ 1.3 ಅಥವಾ 1.4ರ ಮಾನಿಟರಿಗೆ ಜೋಡಿಸಿದಾಗ ವಿಂಡೋಸ್ ಬರುವವರೆಗೂ ಕಪ್ಪಾಗಿರುತ್ತಿದ್ದವು. ಅದಕ್ಕಾಗಿ ಕಂಪನಿ ಕಾರ್ಡಿನ ಫರ್ಮ್‌ವೇರನ್ನೇ ನವೀಕರಿಸುವ ಉಪಕರಣ ಬಿಡುಗಡೆ ಮಾಡಿತು.

ಮತ್ತೊಂದು ಹೊಸ ಷರತ್ತು ರೀಸೈಜಬಲ್ ಬಾರ್. ಕಾರ್ಡಿನ ಮೆಮೊರಿಯನ್ನು ಪ್ರೊಸೆಸರು ಸಾಂಪ್ರದಾಯಿಕವಾಗಿ 256 ಮೆಗಾಬೈಟಿನ ಕಿಂಡಿಯ ಮೂಲಕ ನೋಡುತ್ತಿತ್ತು. ಈ ಸೌಲಭ್ಯವಿದ್ದರೆ ಮೆಮೊರಿ ಇಡಿಯಾಗಿ ಎಟುಕುತ್ತದೆ. ಎನ್‌ವಿಡಿಯಾ, ಎಎಂಡಿ ಕಾರ್ಡುಗಳು ಇದಿಲ್ಲದೆಯೂ ಚೆನ್ನಾಗಿಯೇ ನಡೆಯುತ್ತವೆ. 2022ರಲ್ಲಿ ಬಂದ ಇಂಟೆಲ್ ಆರ್ಕ್ ಕಾರ್ಡುಗಳ ಕತೆ ಬೇರೆ: ಇದಿಲ್ಲದಿದ್ದರೆ ಅವುಗಳ ವೇಗ ಗಣನೀಯವಾಗಿ ಕುಸಿಯುತ್ತದೆ. ಇಂಟೆಲ್ ತನ್ನ ಹತ್ತನೆಯ ಪೀಳಿಗೆಯ ಪ್ರೊಸೆಸರ್ ಅಥವಾ ಅದರ ಮುಂದಿನದನ್ನು ಶಿಫಾರಸು ಮಾಡಿದ್ದು ಈ ಕಾರಣಕ್ಕೆ. ಬೆಲೆ ನೋಡಿ ಹಳೆಯ ಕೋರ್ ಐ5 ಯಂತ್ರಕ್ಕೆ ಆರ್ಕ್ ತರುವುದು ಜಾಣತನವಲ್ಲ.

ಡ್ರೈವರ್ ಮತ್ತು ಆಪರೇಟಿಂಗ್ ಸಿಸ್ಟಂ

ಕಾರ್ಡು ಗಟ್ಟಿಮುಟ್ಟಾಗಿದ್ದರೂ ಡ್ರೈವರ್ ನಿಂತರೆ ಅದರ ಆಯುಷ್ಯ ಮುಗಿದಂತೆಯೇ. ಎನ್‌ವಿಡಿಯಾ 32 ಬಿಟ್ ವಿಂಡೋಸ್‌ಗೆ ಹೊಸ ಡ್ರೈವರ್ ನೀಡುವುದನ್ನು 2018ರಲ್ಲಿ ನಿಲ್ಲಿಸಿತು. ಕೆಪ್ಲರ್ ಪೀಳಿಗೆಗೆ, ಅಂದರೆ ಜಿಟಿಎಕ್ಸ್ 600 ಮತ್ತು 700 ಸರಣಿಗಳ ಬಹುಪಾಲಿಗೆ, ವಿಂಡೋಸ್ 7ಕ್ಕೂ ಜೊತೆಯಲ್ಲೇ, ಆಟಗಳ ಹೊಸ ಡ್ರೈವರ್ 2021ರಲ್ಲಿ ನಿಂತಿತು. ಅದೇ ವರ್ಷ ಎಎಂಡಿಯೂ ವಿಂಡೋಸ್ 7 ಬೆಂಬಲವನ್ನು ಕೈಬಿಟ್ಟು, ಪೋಲಾರಿಸ್ ಪೀಳಿಗೆಗಿಂತ ಹಿಂದಿನ ತನ್ನ ಕಾರ್ಡುಗಳನ್ನು ಹಳೆಯವುಗಳ ಪಟ್ಟಿಗೆ ಸೇರಿಸಿತು. ಇಂದಿಗೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೇಡಿಕೆಯಿರುವ ಜಿಟಿಎಕ್ಸ್ 900 ಮತ್ತು 1000 ಸರಣಿಗಳಿಗೆ 2025ರ ಅಕ್ಟೋಬರಿನ ನಂತರ ಭದ್ರತೆಯ ತಿದ್ದುಪಡಿಗಳಷ್ಟೇ ಉಳಿದಿವೆ. ಜಿಟಿಎಕ್ಸ್ 1650 ಮುಂದಿನ ಟ್ಯೂರಿಂಗ್ ಪೀಳಿಗೆಯದಾದ್ದರಿಂದ ಈ ಸಾಲಿಗೆ ಸೇರುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್‌ನಲ್ಲಿ ಎಎಂಡಿ ಕಾರ್ಡುಗಳ ಡ್ರೈವರ್ ಕರ್ನೆಲ್‌ನಲ್ಲೇ ಇರುವುದರಿಂದ ಹಳೆಯ ಕಾರ್ಡುಗಳಿಗೆ ಅಲ್ಲಿ ಹೆಚ್ಚು ಕಾಲದ ಬದುಕಿದೆ. ಕೃತಕ ಬುದ್ಧಿಮತ್ತೆಯ ಪ್ರಯೋಗಕ್ಕೆಂದು ಕಾರ್ಡು ಹುಡುಕುವವರು ಕೂಡ ಆವೃತ್ತಿ ನೋಡಬೇಕು: ಎನ್‌ವಿಡಿಯಾದ ಕೂಡಾ (ಸಿಯುಡಿಎ) ತಂತ್ರಾಂಶದ 13ನೆಯ ಆವೃತ್ತಿ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಚಿಪ್ಪುಗಳನ್ನು ಬಿಟ್ಟಿದೆ.

ಪ್ರೊಸೆಸರಿನ ಸೂಚನಾಗಣವೂ ಇಲ್ಲಿ ಅಡ್ಡ ಬರಬಹುದು. ಕೋರ್ 2 ಡ್ಯುಯೋ ಪ್ರೊಸೆಸರುಗಳಲ್ಲಿ ಇಲ್ಲದ ಪಾಪ್‌ಕೌಂಟ್ ಎಂಬ ಸೂಚನೆಯನ್ನು ವಿಂಡೋಸ್ 11ರ 24ಎಚ್2 ಆವೃತ್ತಿ ಕಡ್ಡಾಯವಾಗಿ ಬಯಸುತ್ತದೆ; ಅಂಥ ಯಂತ್ರದಲ್ಲಿ ಕಾರ್ಡು ಎಷ್ಟೇ ಹೊಸದಾದರೂ ಆ ಆವೃತ್ತಿ ನಡೆಯುವುದಿಲ್ಲ.

ಮಾನಿಟರ್

ಕಚೇರಿಗಳಲ್ಲಿ, ಸೈಬರ್ ಕೆಫೆಗಳಲ್ಲಿ ಬಳಸಿ ಬಿಟ್ಟ ಮಾನಿಟರುಗಳಲ್ಲಿ ನೀಲಿ ಬಣ್ಣದ ವಿಜಿಎ ಪೋರ್ಟ್ ಮಾತ್ರ ಇರುವುದು ಸಾಮಾನ್ಯ. ಎಎಂಡಿ 2013ರ ಆರ್9 290ರಿಂದ, ಎನ್‌ವಿಡಿಯಾ ಜಿಟಿಎಕ್ಸ್ 1000 ಸರಣಿಯಿಂದ ಅನಲಾಗ್ ಸಂಕೇತವನ್ನು ಕೈಬಿಟ್ಟವು. ಅಲ್ಲಿಂದ ಮುಂದಿನ ಕಾರ್ಡುಗಳ ಡಿವಿಐ ಪೋರ್ಟಿಗೆ ಹಳೆಯ ಸಾದಾ ವಿಜಿಎ ಅಡಾಪ್ಟರ್ ಹಾಕಲು ಹೋದರೆ ಪಿನ್ನುಗಳೇ ಹೊಂದುವುದಿಲ್ಲ. ಒಳಗೆ ಚಿಪ್ ಇರುವ, ಡಿಜಿಟಲನ್ನು ಅನಲಾಗ್ ಮಾಡುವ ಪರಿವರ್ತಕ ಬೇಕು. 4ಕೆ ಪರದೆಯಾದರೆ ಎಚ್‌ಡಿಎಂಐ 1.4 ಸೆಕೆಂಡಿಗೆ 30 ಚಿತ್ರಗಳಿಗೆ ನಿಲ್ಲುತ್ತದೆ; 60 ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇರಬೇಕು.

ಪ್ರೊಸೆಸರಿನ ಜೊತೆ ಸಮತೋಲ

ಪ್ರತಿಯೊಂದು ಚಿತ್ರಕ್ಕೂ ಬೇಕಾದ ಲೆಕ್ಕವನ್ನು ಮೊದಲು ಪ್ರೊಸೆಸರು ಮುಗಿಸಿ ಕಾರ್ಡಿಗೆ ಕೊಡುತ್ತದೆ. ಎರಡು ಕೋರಿನ ಹಳೆಯ ಪ್ರೊಸೆಸರಿನ ಪಕ್ಕ ಬಲವಾದ ಕಾರ್ಡು ಕೂರಿಸಿದರೆ ಕಾರ್ಡು ಕಾಯುತ್ತ ಕೂರುತ್ತದೆ. ಪರದೆಯ ರೆಸಲ್ಯೂಷನ್ ಕಡಿಮೆಯಿದ್ದಷ್ಟೂ ಇದು ಎದ್ದು ಕಾಣುತ್ತದೆ. ಮೆಮೊರಿ ಒಂದೇ ಕಡ್ಡಿಯಲ್ಲಿದ್ದರೆ ಎರಡನೆಯದನ್ನು ಸೇರಿಸಿ ಡ್ಯುಯಲ್ ಚಾನೆಲ್ ಮಾಡುವುದು, ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕುವುದು ಕೆಲವೊಮ್ಮೆ ಕಾರ್ಡಿಗಿಂತ ಹೆಚ್ಚು ಉಪಕಾರಿ. ಉದ್ದೇಶ ಆಟವಲ್ಲದೆ ಬರೀ ವಿಡಿಯೊ ನೋಡುವುದಾದರೆ ಚಿಪ್ಪಿನೊಳಗಿನ ಡಿಕೋಡರ್ ನೋಡಬೇಕು. ಯೂಟ್ಯೂಬ್ ಹೆಚ್ಚುಹೆಚ್ಚಾಗಿ ಬಳಸುತ್ತಿರುವ ಎವಿ1 ವಿಧಾನವನ್ನು 2020ರ ಆರ್‌ಟಿಎಕ್ಸ್ 30 ಸರಣಿ ತಾನೇ ಬಿಡಿಸಬಲ್ಲದು. ಅದಕ್ಕಿಂತ ಈಚಿನ ಆರ್‌ಎಕ್ಸ್ 6400 ಬಿಡಿಸಲಾರದು.

ಬಳಸಿದ ಕಾರ್ಡು, ಮೊದಲ ಚಾಲನೆ

ಒಂದೇ ಹೆಸರಿನಲ್ಲಿ ಎರಡು ಸರಕು ಬರುವುದೂ ಇದೆ. ಜಿಟಿ 1030ರ ಮೊದಲ ರೂಪದಲ್ಲಿ ಜಿಡಿಡಿಆರ್5 ಮೆಮೊರಿ, 2018ರ ರೂಪದಲ್ಲಿ ಡಿಡಿಆರ್4. ಮೆಮೊರಿಯ ವೇಗ ಸೆಕೆಂಡಿಗೆ 48 ಗಿಗಾಬೈಟಿನಿಂದ ಸುಮಾರು 17ಕ್ಕೆ ಇಳಿದಿದೆ. ಇದಾದರೂ ತಯಾರಕರೇ ಅಧಿಕೃತವಾಗಿ ಮಾಡಿದ್ದು. ಜಿಟಿಎಸ್ 450, ಜಿಟಿಎಕ್ಸ್ 550 ಟಿಐನಂಥ ತೀರ ಹಳೆಯ ಕಾರ್ಡುಗಳ ಫರ್ಮ್‌ವೇರ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಮಾರುವ ವಂಚನೆ ಆನ್‌ಲೈನ್ ಮಾರಾಟದಲ್ಲಿ ನಡೆದಿದೆ. ಜಿಪಿಯು-ಜಡ್ ತಂತ್ರಾಂಶ 2018ರಿಂದ ಇಂಥವುಗಳನ್ನು ಪತ್ತೆಹಚ್ಚಿ ನಕಲಿ ಎಂದು ಹೆಸರಿನ ಪಕ್ಕ ತೋರಿಸುತ್ತದೆ. ಹಣ ಕೊಡುವ ಮೊದಲು ಅಂಗಡಿಯಲ್ಲೇ ಅದನ್ನು ಓಡಿಸಿ ನೋಡಬಹುದು.

ಕಾರ್ಡು ಕೂರಿಸುವ ಮೊದಲು ಹಳೆಯ ಡ್ರೈವರನ್ನು ತೆಗೆದುಹಾಕಿದ್ದರೆ ಗೊಂದಲ ಕಡಿಮೆ. ಕೂರಿಸಿದ ಮೇಲೆ ಪರದೆ ಕಪ್ಪಾಗಿದ್ದರೆ ಮೊದಲು ನೋಡಬೇಕಾದದ್ದು ಮಾನಿಟರ್ ಕೇಬಲ್: ಅದು ಇನ್ನೂ ಮದರ್‌ಬೋರ್ಡಿನ ಪೋರ್ಟಿನಲ್ಲೇ ಇರುವುದು ತುಂಬ ಸಾಮಾನ್ಯ. ಆಮೇಲೆ 6 ಅಥವಾ 8 ಪಿನ್ನಿನ ಕೇಬಲ್, ಆಮೇಲೆ ಬೀಪ್. ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ ಎರಡು ಗಿಡ್ಡ ಸದ್ದು ಬಂದರೆ ದೋಷ ಗ್ರಾಫಿಕ್ಸ್‌ನದು. ಚಿತ್ರ ಬಂದ ಮೇಲೆ ಜಿಪಿಯು-ಜಡ್‌ನಲ್ಲಿ ಲೇನುಗಳ ಸಂಖ್ಯೆ ಮತ್ತು ಆವೃತ್ತಿ ಕಾಣುತ್ತವೆ. ಕಾರ್ಡು ಸುಮ್ಮನಿರುವಾಗ 1.1 ಎಂದು ತೋರಿದರೆ ಗಾಬರಿ ಬೇಡ, ವಿದ್ಯುತ್ ಉಳಿಸಲು ಅದು ವೇಗ ಇಳಿಸಿಕೊಂಡಿರುತ್ತದೆ. ಆ ತಂತ್ರಾಂಶದಲ್ಲೇ ಇರುವ ರೆಂಡರ್ ಪರೀಕ್ಷೆ ಓಡಿಸಿದರೆ ನಿಜವಾದ ಅಂಕಿ ಬರುತ್ತದೆ. ಆಗಲೂ 16ರ ಕಡೆ 8 ಅಥವಾ 4 ಲೇನು ಕಂಡು, ಕಾರ್ಡಿನ ಮತ್ತು ಬೋರ್ಡಿನ ಕೈಪಿಡಿಗಳಲ್ಲಿ ಅಂಥ ಮಿತಿ ಇಲ್ಲದಿದ್ದರೆ, ಕಾರ್ಡನ್ನು ಕಿತ್ತು ಅಂಚಿನ ಚಿನ್ನದ ಲೇಪದ ಪಟ್ಟಿಗಳನ್ನು ಒರೆಸಿ, ಸ್ಲಾಟಿನ ಧೂಳು ಊದಿ, ಕೊಂಡಿ ಬೀಳುವವರೆಗೆ ಒತ್ತಿ ಕೂರಿಸಬೇಕು.